ನಾಟಿ ಮುಗಿದ ಮೇಲೆ ಜ್ವರ ಬಂದರೆ ಹೆಸರು ಹೇಳದ ಸೂಜಿ ಹಾಕಿಸಿಕೊಳ್ಳಬೇಡಿ

ಕೊಡಗಿನ ನಾಪೋಕ್ಲು ಕಡೆಯವರು, ಗದ್ದೆ ಇರುವವರು, ದಯವಿಟ್ಟು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಆದದ್ದು ಇನ್ನೊಂದು ಮನೆಯಲ್ಲಿ ಆಗಬಾರದು.

ಜುಲೈಯಲ್ಲಿ ನಮ್ಮ ನಾಟಿ. ಆಳು ಸಿಗಲಿಲ್ಲ, ನಮ್ಮ ಯಜಮಾನರೇ ನಾಲ್ಕು ದಿನ ಬರಿಗಾಲಲ್ಲಿ ಕೆಸರಿನಲ್ಲಿದ್ದರು. ಹಿಮ್ಮಡಿ ಒಡೆದಿತ್ತು, ಜಿಗಣೆ ಕಚ್ಚಿದ ಜಾಗ ತುರಿಸಿ ತುರಿಸಿ ಹುಣ್ಣಾಗಿತ್ತು. ನಾಟಿ ಮುಗಿದು ಒಂದು ವಾರಕ್ಕೆ ಸಂಜೆ ಹೊತ್ತು ಚಳಿ ಹಿಡಿಯಿತು. ಎರಡು ಕಂಬಳಿ ಹೊದೆಸಿದರೂ ನಡುಕ ನಿಲ್ಲಲಿಲ್ಲ. ಥರ್ಮಾಮೀಟರ್ ಇಟ್ಟರೆ 103. ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ, ಬಗ್ಗಿ ಬಗ್ಗಿ ನೆಟ್ಟ ನೋವು ಅಂದುಕೊಂಡೆ. ಕಣ್ಣು ಕೆಂಪಾಗಿತ್ತು, ಹಸಿ ಸೌದೆಯ ಹೊಗೆ ಅಂದುಕೊಂಡೆ. ಎಲ್ಲದಕ್ಕೂ ನನ್ನ ಹತ್ತಿರ ಒಂದೊಂದು ಕಾರಣ ಇತ್ತು.

ಬೊಳಿಬಾಣೆಯಲ್ಲಿ ರಸ್ತೆ ಮೇಲೆ ಕಾವೇರಿ ನೀರು. ಸುತ್ತು ಹಾಕಿ ಮಡಿಕೇರಿಗೆ ಯಾಕೆ ಹೋಗುವುದು ಅಂತ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಮಳೆಗಾಲದಲ್ಲಿ ಅಲ್ಲಿ ಹೇಗೆ ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಎಷ್ಟು ದಿನ, ವಾಂತಿ ಇದೆಯಾ, ಮಲಗಿ. ಅಷ್ಟೇ. ಒಂದು ಸೂಜಿ, ಒಂದು ಬಾಟಲಿ ಗ್ಲೂಕೋಸ್. ಪಕ್ಕದ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಅರ್ಧ ಗಂಟೆಯಲ್ಲಿ 'ವೈಡಲ್ ಪಾಸಿಟಿವ್' ಅಂತ ಚೀಟಿ. ಟೈಫಾಯ್ಡ್ ಅಂದರು. ಹಳೆಯ ಪೇಪರಿನ ಪೊಟ್ಟಣದಲ್ಲಿ ಮೂರು ಬಣ್ಣದ ಬಿಡಿ ಮಾತ್ರೆ. 1,850 ರೂಪಾಯಿ, ಬಿಲ್ ಇಲ್ಲ.

"ಡಾಕ್ಟ್ರೇ, ಯಾವ ಸೂಜಿ ಅದು?" ಅಂತ ಕೇಳಿದೆ. ಕೇಳಿದ್ದೆ, ಅದೊಂದು ಸಮಾಧಾನ.

"ಹೆಸರು ತಿಳ್ಕೊಂಡು ನೀವೇನಮ್ಮಾ ಮಾಡ್ತೀರಿ? ಜ್ವರ ಬಿಡ್ಬೇಕು ತಾನೆ?"

ನಾನು ಸುಮ್ಮನಾದೆ. ಬೆಳಿಗ್ಗೆ ಜ್ವರ ಬಿಟ್ಟೂ ಬಿಟ್ಟಿತ್ತು! ಮೈಯೆಲ್ಲ ಬೆವರು, ಎದ್ದು ಕೂತು ಗಂಜಿ ಕುಡಿದರು. ಎಂಥ ಕೈಗುಣ ಅಂತ ಪಕ್ಕದ ಮನೆಯಲ್ಲಿ ಹೊಗಳಿ, ಜ್ವರದಲ್ಲಿದ್ದ ಅವರ ಮಗಳನ್ನೂ ನಾನೇ ಅಲ್ಲಿಗೆ ಕಳಿಸಿದೆ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ರಾತ್ರಿಯೇ ಮತ್ತೆ ಜ್ವರ. ಮತ್ತೆ ಸೂಜಿ. "ಟೈಫಾಯ್ಡ್ ಅಂದ್ರೆ ಹಾಗೇ ಅಮ್ಮಾ, ಬಂದು ಬಂದು ಹೋಗುತ್ತೆ." ನಾಲ್ಕನೇ ದಿನ ಮೂತ್ರ ಕಡಿಮೆಯಾಯಿತು, ಬಂದಷ್ಟೂ ಬೆಲ್ಲದ ಕರಿ ಕಾಫಿಯ ಬಣ್ಣ. ಕಿಟಕಿ ಹತ್ತಿರ ಕೂರಿಸಿ ನೋಡಿದರೆ ಕಣ್ಣಿನ ಬಿಳಿ ಹಳದಿಯಾಗಿದೆ. ಕ್ಲಿನಿಕ್ಕಿಗೆ ಫೋನ್ ಮಾಡಿದೆ. "ಜಾಂಡೀಸ್ ಸೇರ್ಕೊಂಡಿದೆ, ಅದಕ್ಕೆ ನಾಟಿ ಔಷಧಿ ಮಾಡ್ಸಿ. ಸೂಜಿ ಮಾತ್ರ ನಿಲ್ಲಿಸ್ಬೇಡಿ" ಅಂದರು. ಸೂಜಿ ಮಾತ್ರ ನಿಲ್ಲಿಸಬೇಡಿ!

ಜೀಪು ಮಾಡಿಕೊಂಡು ಮಡಿಕೇರಿಯ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮೊದಲು ಕೇಳಿದ್ದೇ "ಗದ್ದೆಗೆ ಇಳಿದಿದ್ರಾ? ಕಾಲಲ್ಲಿ ಗಾಯ ಇತ್ತಾ?" ಅಂತ. ಮೀನಖಂಡ ಮೆಲ್ಲಗೆ ಒತ್ತಿದರು, ನಮ್ಮವರು ಕಿರುಚಿಕೊಂಡರು. ಇಲಿ ಜ್ವರ. ಇಲಿಯ ಮೂತ್ರ ಸೇರಿದ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಬರುತ್ತದಂತೆ. ರಕ್ತ ಪರೀಕ್ಷೆಯಲ್ಲೂ ಅದೇ ಬಂತು, ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ 4.2. ಕಿಡ್ನಿಗೆ ಪೆಟ್ಟು ಬಿದ್ದಿತ್ತು.

"ಇಷ್ಟು ದಿನ ಏನು ಇಂಜೆಕ್ಷನ್ ಕೊಟ್ಟಿದ್ದಾರೆ?" ಅಂದರು. ನಾನು ಆ ಪೇಪರ್ ಪೊಟ್ಟಣ ಬಿಚ್ಚಿ ತೋರಿಸಿದೆ. ಉಳಿದಿದ್ದ ಎರಡು ಬಿಳಿ ಮಾತ್ರೆ, ಒಂದು ಗುಲಾಬಿ. ಹೆಸರಿಲ್ಲ, ಏನಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಕ್ಲಿನಿಕ್ಕಿನ ಕಾಂಪೌಂಡರ್ ಹುಡುಗ ಫೋನಿನಲ್ಲಿ ಬಾಯಿ ಬಿಟ್ಟ: ಡೈಕ್ಲೋಫಿನ್ಯಾಕ್, ಡೆಕ್ಸಾ. ಒಂದು ನೋವಿನ ಸೂಜಿ, ಇನ್ನೊಂದು ಸ್ಟಿರಾಯ್ಡ್. ಎರಡೂ ಜ್ವರವನ್ನು ಅಡಗಿಸುತ್ತವೆ, ರೋಗಾಣುವನ್ನು ಮುಟ್ಟುವುದೂ ಇಲ್ಲ. ನೋವಿನ ಸೂಜಿ ಕಿಡ್ನಿಗೆ ಇನ್ನಷ್ಟು ಭಾರ. ಒಂದೇ ಸಲದ ವೈಡಲ್ ನಂಬಿ ಟೈಫಾಯ್ಡ್ ಅನ್ನುವ ಹಾಗಿಲ್ಲ, ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಬೇಕು ಅಂತ ಡಾಕ್ಟರಮ್ಮ ಹೇಳಿದ ಮೇಲೆ ಗೊತ್ತಾಯಿತು. ಪೆನಿಸಿಲಿನ್ ಶುರುವಾಗಿ ಒಂಬತ್ತನೇ ದಿನಕ್ಕೆ ಮನೆಗೆ ಬಂದೆವು. ಡಯಾಲಿಸಿಸ್ ತನಕ ಹೋಗಲಿಲ್ಲ, ದೇವರು ದೊಡ್ಡವನು.

ಪಕ್ಕದ ಮನೆಯ ಹುಡುಗಿಗೆ ಆಸ್ಪತ್ರೆಯಿಂದಲೇ ಫೋನ್ ಮಾಡಿ ಆ ಸೂಜಿ ಬಿಡಿಸಿದೆ. ಅವಳಿಗೆ ಎನ್‌ಎಸ್‌1 ಪಾಸಿಟಿವ್, ಡೆಂಗ್ಯೂ. ಡೆಂಗ್ಯೂ ಇದ್ದಾಗ ನೋವಿನ ಸೂಜಿ ಹಾಕಿದರೆ ರಕ್ತಸ್ರಾವದ ಭಯ. ಪುಣ್ಯಕ್ಕೆ ಒಂದೇ ಸೂಜಿಗೆ ನಿಂತಿತು, ಹುಷಾರಾದಳು.

ಫೈಲ್ ಹಿಡಿದುಕೊಂಡು ಕ್ಲಿನಿಕ್ಕಿಗೆ ಹೋದೆ. ಮೊದಲು "ಲ್ಯಾಬಿನವರು ಕೊಟ್ಟಿದ್ದು ನೋಡಿ ಹೇಳಿದ್ದು" ಅಂದರು. ಆಮೇಲೆ "ನೀವು ನನ್ನ ಹತ್ರ ಬಂದಿದ್ರಿ ಅನ್ನೋದಕ್ಕೆ ಬಿಲ್ ಎಲ್ಲಿದೆ, ತೋರಿಸಿ" ಅಂದರು. ಬಿಲ್ ಕೊಡದೆ ಇದ್ದದ್ದು ಅವರೇ! ಅಷ್ಟು ಜನರ ಮುಂದೆ ನಾನೇ ಸುಳ್ಳುಗಾತಿಯ ಹಾಗೆ ನಿಂತಿದ್ದೆ. ನಾನು ಮೋಸ ಹೋದದ್ದು ಸೂಜಿಗಲ್ಲ, ಆ ಬಿಲ್ಲಿಗೆ ಅಂತ ಆಗ ಅರ್ಥವಾಯಿತು.

ಕೇಳಿ. ಗದ್ದೆ, ತೋಡು, ಕೆಸರಿಗೆ ಇಳಿದವರಿಗೆ ಎರಡು ವಾರದೊಳಗೆ ಜ್ವರ ಬಂದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಮೀನಖಂಡ ನೋವು, ಕೆಂಪು ಕಣ್ಣು ಇದ್ದರೆ ಒಂದು ದಿನವೂ ಕಾಯಬೇಡಿ. ಆಸ್ಪತ್ರೆ ಮುಟ್ಟುವ ತನಕ ಜ್ವರಕ್ಕೆ ಪ್ಯಾರಾಸಿಟಮಾಲ್, ಕುಡಿಯಲು ಗಂಜಿ, ಓಆರ್‌ಎಸ್, ಅಷ್ಟು ಸಾಕು. ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ ಕಂಡರೆ ಓಡಿ. ಡೆಂಗ್ಯೂ ತರುವ ಸೊಳ್ಳೆ ಕಚ್ಚುವುದು ಹಗಲಲ್ಲಿ, ಮೊಟ್ಟೆ ಇಡುವುದು ನಿಂತ ತಿಳಿನೀರಲ್ಲಿ. ಟಾರ್ಪಾಲಿನ ಮಡಿಕೆ, ಅಡಿಕೆ ಹಾಳೆ, ಹಳೆ ಟಯರು ವಾರಕ್ಕೊಮ್ಮೆ ಮಗುಚಿ. ಕೆಸರಿಗೆ ಗಮ್ ಬೂಟು ಹಾಕಿ. ಇಲಿ ಜ್ವರ ಬರದ ಹಾಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಬೇಕಾ ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ನೀವಾಗಿಯೇ ನುಂಗಬೇಡಿ. ಕ್ಲಿನಿಕ್ಕಿನ ಗೋಡೆಯಲ್ಲಿ ಖಾಸಗಿ ಕ್ಲಿನಿಕ್ಕಿಗೆ ಸರ್ಕಾರ ಕೊಡುವ ಕೆಪಿಎಂಇ ನೋಂದಣಿ ಪತ್ರ ಇದೆಯಾ ನೋಡಿ. ಚೀಟಿಯಲ್ಲಿ ಸೂಜಿಯ ಹೆಸರು ಬರೆಸಿಕೊಳ್ಳದೆ ತೋಳು ಚಾಚಬೇಡಿ.

ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲದ್ದರಿಂದ ಆ ಪೊಟ್ಟಣ, ವೈಡಲ್ ಚೀಟಿ, ಫೋನ್ ಮಾಡಿದ ದಾಖಲೆ, ಇವಷ್ಟೇ ನನ್ನ ಸಾಕ್ಷಿ. ನಿಮ್ಮ ಮನೆಯಲ್ಲೂ ಅಂಥ ಪೊಟ್ಟಣ ಇದ್ದರೆ ಬಿಸಾಡಬೇಡಿ, ಮೇಲೆ ತಾರೀಖು ಬರೆದಿಟ್ಟು ನನಗೆ ತಿಳಿಸಿ. ದೂರಿಗೆ ಇನ್ನೊಂದು ಸಹಿ ಬೇಕು.