ಶಿರಸಿಯ ಬಾಡಿಗೆ ಅಂಗಡಿಯ ಓಯಿರಾನ್ ವೇಷ: ಉಡುಪು ಸರಿ, ಚೀಟಿ ತಪ್ಪು

ಯಕ್ಷಗಾನದ ವೇಷ, ಹೋಳಿಯ ಬೇಡರ ವೇಷದ ಸಾಮಾನು ಬಾಡಿಗೆಗೆ ಕೊಡುವ ಶಿರಸಿ ಪೇಟೆಯ ಅಂಗಡಿಯೊಂದರಲ್ಲಿ ಈಗ ಜಪಾನಿನ ಓಯಿರಾನ್ ಉಡುಪಿನ ಸೆಟ್ಟೂ ಸಿಗುತ್ತಿದೆ. ದಿನಕ್ಕೆ 1,800 ರೂಪಾಯಿ ಬಾಡಿಗೆ, 3,000 ಠೇವಣಿ. ನಾಟಕಕ್ಕೋ ಕಾಲೇಜಿನ ಗ್ಯಾದರಿಂಗಿಗೋ ಬೇಕಿದ್ದರೆ ಧಾರಾಳವಾಗಿ ತಗೊಳ್ಳಬಹುದು. ಪೆಟ್ಟಿಗೆಗೆ ಅಂಟಿಸಿದ ‘ಗೀಶಾ ರಾಣಿ’ ಎಂಬ ಚೀಟಿಯನ್ನು ಮಾತ್ರ ನಂಬಬೇಡಿ.

ಗೀಶಾ ಎಂದರೆ ಹಾಡು, ಕುಣಿತ, ಶಾಮಿಸೆನ್ ಎಂಬ ತಂತಿವಾದ್ಯದ ವಾದನದಿಂದ ಬದುಕುವ ಕಲಾವಿದೆ. ಅವಳ ಸೊಂಟಪಟ್ಟಿಯ, ಅಂದರೆ ಓಬಿಯ ಗಂಟು ಬೆನ್ನಿಗೆ ಬರುತ್ತದೆ. ಓಯಿರಾನ್ ಪರವಾನಗಿ ಇದ್ದ ವೇಶ್ಯಾಕೇರಿಯ ಮೇಲ್ದರ್ಜೆಯ ಗಣಿಕೆ, ಅವಳ ಓಬಿ ಮುಂದೆ ಇಳಿಬೀಳುತ್ತದೆ. ಚೀಟಿ ಬರೆದವರಿಗೆ ಗೊತ್ತಿಲ್ಲದ್ದು ಹೊಲಿದವರಿಗೆ ಗೊತ್ತಿದೆ: ಓಬಿ ಮುಂದೆಯೇ ಇದೆ, ಎದೆಯಿಂದ ಮೊಣಕಾಲ ತನಕ ಹಲಗೆಯ ಹಾಗೆ ಚಪ್ಪಟೆಯಾಗಿ. ಒಳಗೆ ರಟ್ಟು ಹಾಕಿದ್ದು ಮಾತ್ರ ತಪ್ಪು. ಕರಾವಳಿಯ ಸೆಕೆಯಲ್ಲಿ ಬೆವರು ತಾಗಿ ರಟ್ಟು ಮೆತ್ತಗಾಗುತ್ತದೆ, ಮೊದಲ ದೃಶ್ಯ ಮುಗಿಯುವುದರೊಳಗೆ ಓಬಿ ನಡುವಲ್ಲಿ ಮುದುಡುತ್ತದೆ. ಕುಮಟೆ, ಕಾರವಾರದ ಕಡೆ ಪ್ರಯೋಗವಿದ್ದರೆ ರಟ್ಟು ತೆಗೆದು ಎರಡು ಪದರ ದಪ್ಪ ಕ್ಯಾನ್ವಾಸ್ ಹೊಲಿಸಿಕೊಳ್ಳಿ.

ಕಿಮೋನೋ ನಿಲುವಂಗಿ ಉಡಿಸುವಾಗ ಉಟ್ಟವಳ ಎಡಮಗ್ಗುಲಿನ ಅಂಚು ಮೇಲೆ ಬರಬೇಕು. ಬಲ ಅಂಚು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಕ್ರಮ. ಅಂಗಡಿಯ ಗೋಡೆಯ ಫೋಟೋದಲ್ಲಿ ಅದು ಉಲ್ಟಾ ಇದೆ, ನೋಡಿಕೊಂಡು ಉಡಿಸಬೇಡಿ. ಬಿಳಿ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಕಲಸಿ ಹಚ್ಚುವ ರೂಢಿಯನ್ನೂ ಬಿಡಬೇಕು. ಜಪಾನಿನಲ್ಲಿ ಮೊದಲು ಮೇಣದ ತಳ ಹಚ್ಚಿ, ಅದರ ಮೇಲೆ ನೀರಲ್ಲಿ ಕಲಸಿದ ಬಿಳಿಯನ್ನು ಅಗಲ ಕುಂಚದಿಂದ ಮುಖಕ್ಕೆ, ಕತ್ತಿಗೆ, ಹಿಂಗತ್ತಿಗೆ ಬಳಿಯುತ್ತಾರೆ. ಎಣ್ಣೆಬಣ್ಣ ಕತ್ತಿನಿಂದ ಕಾಲರಿಗೆ ಇಳಿದರೆ ಠೇವಣಿ ಹೋದಂತೆಯೇ.

ಸೆಟ್ಟಿನ ನಿಜವಾದ ಬೆಲೆ ಇರುವುದು ಪಾದುಕೆಯಲ್ಲಿ. ಮೂರು ಹಲ್ಲು, ಕಪ್ಪು ಮೆರುಗು, 18 ಸೆಂಟಿಮೀಟರ್ ಎತ್ತರ. ಶಿವನೆ ಮರದಲ್ಲಿ ಕೆತ್ತಿಸಿದ್ದರಿಂದ ಹಗುರವಾಗಿದೆ, ಕೆತ್ತನೆ ಅಚ್ಚುಕಟ್ಟು. ಎದೋ ನಗರದ, ಅಂದರೆ ಇಂದಿನ ಟೋಕಿಯೋದ, ಯೋಶಿವಾರಾ ಕೇರಿಯ ನಡಿಗೆಯಲ್ಲಿ ಪಾದವನ್ನು ನೆಲಕ್ಕೆ ಸವರುತ್ತ ಹೊರಗೆ ಅರ್ಧ ವೃತ್ತ ಎಳೆದು, ಮುಂದೆ ತಂದು ನಿಲ್ಲಿಸಿ, ಆಮೇಲೆ ಇನ್ನೊಂದು ಕಾಲು ಎತ್ತಬೇಕು. ಕ್ಯೋಟೋದ ಶಿಮಾಬಾರಾದಲ್ಲಿ ವೃತ್ತ ಒಳಮುಖ. ಜಾರಬಾರದೆಂದು ಅಂಗಡಿಯವರು ಮೂರೂ ಹಲ್ಲಿಗೆ ರಬ್ಬರ್ ಅಂಟಿಸಿದ್ದಾರೆ, ಅಪಾಯ ಇರುವುದೇ ಅಲ್ಲಿ. ಪಾದ ಸವರುವಾಗ ರಬ್ಬರ್ ನೆಲ ಕಚ್ಚಿ ಕಣಕಾಲು ಹೊರಳುತ್ತದೆ. ಮುಂದಿನ ಎರಡು ಹಲ್ಲಿನ ರಬ್ಬರ್ ಕೀಳಿಸಿ, ಹಿಂದಿನದು ಇರಲಿ. ಚಾಪೆ ಹಾಸಿದ ವೇದಿಕೆ ಬೇಡವೇ ಬೇಡ. ಪಕ್ಕದಲ್ಲಿ ಹೆಗಲು ಕೊಡುವ ಗಂಡಾಳೊಬ್ಬ ಇರಲೇಬೇಕು. ಬೇಡರ ವೇಷಕ್ಕೆ ಹಗ್ಗ ಹಿಡಿಯುವವರು ಎಷ್ಟು ಮುಖ್ಯವೋ ಇವನೂ ಅಷ್ಟೇ. ಯೋಶಿವಾರಾದ ಮೆರವಣಿಗೆಯಲ್ಲೂ ಹಾಗೆಯೇ ಇತ್ತು. ಕಾಲುಚೀಲ ಹಾಕಬೇಡಿ, ಓಯಿರಾನ್ ಚಳಿಗಾಲದಲ್ಲೂ ಬರಿಗಾಲಲ್ಲೇ ನಡೆಯುತ್ತಿದ್ದಳು.

ಇಡೀ ಸೆಟ್ಟು 11 ಕೆಜಿ. ಕಬುಕಿ ಎಂಬ ಜಪಾನಿ ನಾಟಕರಂಗದ ಓಯಿರಾನ್ ಪಾತ್ರದ ವೇಷ 30 ಕೆಜಿ ದಾಟುವುದುಂಟು, ಹಾಗಾಗಿ ಇದು ಹೊರಲಾಗದ ಭಾರವೇನಲ್ಲ. ತಲೆಯ ಕಡ್ಡಿಗಳು ಪ್ಲಾಸ್ಟಿಕ್, ದೂರಕ್ಕೆ ಆಮೆಚಿಪ್ಪಿನಂತೆಯೇ ಕಾಣುತ್ತವೆ. ಎಡಬಲಕ್ಕೆ ಸಮನಾಗಿ ಬೀಸಣಿಗೆಯಂತೆ ಹರಡಿ ಸಿಕ್ಕಿಸಿ.

ಇನ್ನು ಚೀಟಿಯ ಮಾತು. ಯೋಶಿವಾರಾಕ್ಕೆ ಅನುಮತಿ ಸಿಕ್ಕಿದ್ದು 1617ರಲ್ಲಿ. 1657ರ ಮಹಾ ಬೆಂಕಿಯ ನಂತರ ಕೇರಿ ಅಸಾಕುಸಾದ ಹಿಂಬದಿಗೆ ಹೋಯಿತು. ಮೊದಲು ಅಲ್ಲಿ ಎಲ್ಲರಿಗಿಂತ ಮೇಲಿದ್ದವಳು ತಾಯೂ. 18ನೇ ಶತಮಾನದ ನಡುಹೊತ್ತಿಗೆ ಆ ದರ್ಜೆ ಅಳಿದು ಓಯಿರಾನ್ ಎಂಬ ಹೆಸರು ನಿಂತಿತು. ಚಹಾವಿಧಿ, ಗಂಧದ ಕಲೆ, ಸುಂದರ ಬರಹ, ಕವಿತೆ ಎಲ್ಲ ಕಲಿತವರು ಇವರು. ಚಿತ್ರಕಾರ ಉತಾಮಾರೊನ ಮುದ್ರಣಚಿತ್ರಗಳಿಂದ ಅವರ ಜಡೆ, ಬಟ್ಟೆ ಊರಿಗೆಲ್ಲ ಮಾದರಿಯಾಯಿತು. ಆದರೆ ‘ರಾಣಿ’ ಎನ್ನುವುದು ಅನ್ಯಾಯ. ಹೆತ್ತವರು ಪಡೆದ ಮುಂಗಡಕ್ಕೆ ಬಾಲ್ಯದಲ್ಲೇ ಬಂದವರು ಹಲವರು, ಉಟ್ಟ ರೇಷ್ಮೆಯ ಖರ್ಚೂ ಅವಳ ಸಾಲದ ಲೆಕ್ಕಕ್ಕೇ ಸೇರುತ್ತಿತ್ತು. ಟೋಕಿಯೋದ ಮಿನೊವಾದಲ್ಲಿರುವ ಜೋಕಾನ್‌ಜಿ ದೇವಾಲಯದಲ್ಲಿ ಈ ಕೇರಿಯ ಸುಮಾರು 25,000 ಹೆಣ್ಣುಮಕ್ಕಳ ಸ್ಮಾರಕವಿದೆ. 1872ರ ಬಿಡುಗಡೆ ಆಜ್ಞೆಯ ನಂತರವೂ ದಂಧೆ ಬೇರೆ ರೂಪದಲ್ಲಿ ನಡೆಯಿತು, ಕೇರಿ ಕಾನೂನಿನಿಂದ ಪೂರ್ತಿ ಮುಚ್ಚಿದ್ದು 1958ರಲ್ಲಿ. ಈಗ ಉಳಿದಿರುವುದು ಮೆರವಣಿಗೆ: ನೀಗಾತಾ ಪ್ರಾಂತ್ಯದ ಬುನ್ಸುಯಿಯಲ್ಲಿ ಪ್ರತಿ ಏಪ್ರಿಲ್, ನಾಗೋಯಾದ ಓಸುವಿನಲ್ಲಿ ಅಕ್ಟೋಬರ್.

ಈ ಕಾರಣಕ್ಕೇ ‘ಜಪಾನಿ ಗೊಂಬೆ’ ಎಂದು ಅಂಗಡಿಯವರು ಪ್ರೈಮರಿ ಮಕ್ಕಳಿಗೆ ಕೊಡುತ್ತಿರುವ ಚಿಕ್ಕ ಅಳತೆಯ ಸೆಟ್ಟನ್ನು ಯಾವ ಶಾಲೆಯೂ ತಗೊಳ್ಳಬಾರದು. ಅದು ಗೊಂಬೆಯಲ್ಲ, ಓಯಿರಾನ್ ಜೊತೆ ನಡೆಯುತ್ತಿದ್ದ ಕಮುರೊ ಎಂಬ ಪುಟ್ಟ ಊಳಿಗದ ಹುಡುಗಿಯ ಉಡುಪು. ಮಕ್ಕಳಿಗೆ ಬೇಕಿದ್ದರೆ ಯುಕಾತಾ ಎಂಬ ಸಾದಾ ಹತ್ತಿಯ ನಿಲುವಂಗಿ ಹೊಲಿಸಿಕೊಡಿ ಎಂದು ಕೇಳಿ, ದರ್ಜಿಗೆ ಅದು ಅರ್ಧ ದಿನದ ಕೆಲಸ.

ಹೋಳಿಯ ಆಸುಪಾಸಿನಲ್ಲಿ ಅಂಗಡಿಯವರಿಗೆ ಪುರುಸೊತ್ತಿರುವುದಿಲ್ಲ. ಆಗ ಬೇಕಿದ್ದರೆ ತಿಂಗಳ ಮುಂಚೆ ಹೇಳಿ, ರಬ್ಬರ್ ಕೀಳುವ ಕೆಲಸವನ್ನು ಅವರ ಕೈಯಲ್ಲೇ ಮಾಡಿಸಿ.