ಕಿರುಚಿತ್ರವೋ, ಪೂರ್ಣಾವಧಿ ಚಿತ್ರವೋ?

ಸಿನಿಮಾ ಕೆಲಸ ಕಲಿಯಲು ಯಾವುದು ಮೇಲು? ವಿಜಯಪುರದ ಕಾಲೇಜು ವಿದ್ಯಾರ್ಥಿಗಳು 10 ನಿಮಿಷದ ಕಿರುಚಿತ್ರವನ್ನು ಎರಡು ಮೂರು ದಿನಗಳಲ್ಲಿ ಚಿತ್ರೀಕರಿಸಿ ಮುಗಿಸಬಹುದು. ಕೆಟ್ಟರೂ ನಷ್ಟ ಅಲ್ಪ. ಎರಡು ಗಂಟೆಯ ಕಥಾಚಿತ್ರವಾದರೆ, ವಾರಗಟ್ಟಲೆ ನಡೆಯುವ ಚಿತ್ರೀಕರಣದಲ್ಲಿ ನಟನ ಗಡ್ಡ, ಅಂಗಿಯ ಕಲೆ, ಬಿಸಿಲಿನ ಓರೆ ಒಂದು ಶಾಟ್‌ನಿಂದ ಮತ್ತೊಂದಕ್ಕೆ ಹೊಂದುವಂತೆ ಬರೆದಿಡುವ, ಊಟ ಮತ್ತು ವಾಹನಗಳ ಲೆಕ್ಕ ಹಿಡಿಯುವ, ಗೋಳಗುಮ್ಮಟದಂತಹ ಸಂರಕ್ಷಿತ ಸ್ಮಾರಕಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯುವ ಕೆಲಸಗಳೆಲ್ಲ ರೂಢಿಯಾಗುತ್ತವೆ. (ಆ ಗುಮ್ಮಟದೊಳಗೆ ಸಂಭಾಷಣೆ ಮುದ್ರಿಸುವ ಆಸೆ ಬಿಡುವುದು ಲೇಸು, ಪ್ರತಿಧ್ವನಿಯು ಮಾತನ್ನೇ ನುಂಗುತ್ತದೆ.) ಚಿತ್ರಮಂದಿರದಲ್ಲಿ ಬಿಡುಗಡೆ ಮಾಡಲು ಎರಡಕ್ಕೂ ಸೆನ್ಸಾರ್ ಪ್ರಮಾಣಪತ್ರ ಬೇಕು. ನಿರ್ದೇಶನ, ಸಂಕಲನ ಕಲಿಯುವವರಿಗೆ ಮೂರ್ನಾಲ್ಕು ಕಿರುಚಿತ್ರಗಳೇ ಮೇಲು ಎಂಬುದು ನನ್ನ ಅಭಿಪ್ರಾಯ. ನಿರ್ಮಾಣ ನಿರ್ವಹಣೆಯನ್ನೇ ವೃತ್ತಿಯಾಗಿಸಿಕೊಳ್ಳುವವರು, ಪರೀಕ್ಷೆಗೆ ಅಡ್ಡಿಯಾಗದ ದಿನಗಳನ್ನು ನೋಡಿಕೊಂಡು, ಕಥಾಚಿತ್ರದ ತಂಡವನ್ನು ಸೇರಲಿ.