ಕೂಲಂಟ್ ಪ್ರೆಶರ್ ಟೆಸ್ಟರ್ ಕಿಟ್: ವಿಜಯಪುರದ ಬಿಸಿಲಿನ ಸಣ್ಣ ಕಾರುಗಳಿಗೆ ಎಷ್ಟು ಉಪಯೋಗ?

ಗಾಡಿ ಹೀಟ್ ಆಗ್ತದ ಅಂತ ಗ್ಯಾರೇಜಿಗೆ ಒಯ್ದರೆ ನಮ್ಮ ಕಡೆ ಮೊದಲು ಕಿವಿಗೆ ಬೀಳುವ ಮಾತು: "ಥರ್ಮೋಸ್ಟ್ಯಾಟ್ ತಗದ್ ಒಗೀರಿ ಸರ, ಏನೂ ಆಗಂಗಿಲ್ಲ." (ಎಂಜಿನ್ ಬಿಸಿಯೇರಿದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವೇ ಥರ್ಮೋಸ್ಟ್ಯಾಟ್.) ಅದಕ್ಕೂ ಬಗ್ಗದಿದ್ದರೆ ರೇಡಿಯೇಟರ್, ಆಮೇಲೆ ವಾಟರ್ ಪಂಪ್, ಕಡೆಗೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪದರವಾದ ಹೆಡ್ ಗ್ಯಾಸ್ಕೆಟ್. ಒಂದೊಂದೇ ಸಾಮಾನು ಬದಲಿಸುತ್ತ ಹೋದರೆ ಎಂದಾದರೊಂದು ದಿನ ದೋಷ ಸಿಕ್ಕೇ ಸಿಗುತ್ತದೆ, ಆದರೆ ಅಷ್ಟೊತ್ತಿಗೆ ಜೇಬು ಖಾಲಿ. ರೇಡಿಯೇಟರಿನೊಳಗೆ ಗಾಳಿಯ ಒತ್ತಡ ಕೊಟ್ಟು ಸೋರಿಕೆ ನೋಡುವ ಕೈಪಂಪಿನ ಪ್ರೆಶರ್ ಟೆಸ್ಟರ್ ಕಿಟ್ ಈ ಅಂದಾಜಿನ ಆಟವನ್ನು ತಪ್ಪಿಸುತ್ತದೆ ಎಂದು ಮಾರುವವರು ಹೇಳುತ್ತಾರೆ. ಅರ್ಧ ನಿಜ. ಸೋರಿಕೆ ಹಿಡಿಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಸೋರಿಕೆಯೇ ಇಲ್ಲದೆ ಬಿಸಿಯಾಗುವ ಗಾಡಿಯ ಮುಂದೆ ಇದು ಬಾಯಿ ಬಿಡುವುದಿಲ್ಲ.

ಪೆಟ್ಟಿಗೆಯೊಳಗೆ ಬರುವುದು ಇಷ್ಟು: ಗಡಿಯಾರದಂಥ ಮೀಟರ್ ಇರುವ ಕೈಪಂಪು, ಒತ್ತಿದರೆ ಕೂಡುವ ಕನೆಕ್ಟರ್ ಇರುವ ಪೈಪು, ಬಣ್ಣಬಣ್ಣದ ಅಡಾಪ್ಟರುಗಳು, ಕ್ಯಾಪನ್ನೇ ಪರೀಕ್ಷಿಸುವ ಒಂದು ತುಂಡು, ಜತೆಗೆ ಒಂದು ಥರ್ಮಾಮೀಟರ್. ಅಡಾಪ್ಟರ್ ಎಷ್ಟಿವೆ ಎಂದು ಎಣಿಸಬೇಡಿ, ಯಾವುದಿದೆ ಎಂದು ನೋಡಿ. ಆಲ್ಟೊ, ವ್ಯಾಗನ್‌ಆರ್, ಸ್ಯಾಂಟ್ರೊ ಬಗೆಯ ಗಾಡಿಗಳಿಗೆ ರೇಡಿಯೇಟರ್ ಬಾಯಿಯ ಮೇಲೆ ಒತ್ತಿ ತಿರುಗಿಸುವ ಚಿಕ್ಕ ಕ್ಯಾಪ್ ಇರುತ್ತದೆ. ಪೋಲೊ, ಫಿಗೊಗಳಿಗೆ ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ ಮರೆ (ತಿರುಪಿನ ಗೆರೆ) ಇರುವ ಕ್ಯಾಪ್. ಕಿಟ್ ಕೊಳ್ಳುವ ಮೊದಲು ನಿಮ್ಮ ಗಾಡಿಯ ಕ್ಯಾಪ್ ಬಿಚ್ಚಿ, ಅದರ ಅಳತೆ ಮತ್ತು ಮರೆಯನ್ನು ಮಾರುವವರು ಕೊಟ್ಟ ಪಟ್ಟಿಗೆ ತಾಳೆ ಹಾಕಿ. ಇಪ್ಪತ್ತು ಅಡಾಪ್ಟರ್ ಬಂದು ನಿಮ್ಮದೊಂದೇ ಇರದಿದ್ದರೆ ಆ ಪೆಟ್ಟಿಗೆಗೆ ಬೆಲೆಯಿಲ್ಲ.

ಎಷ್ಟು ಒತ್ತಡ ಕೊಡಬೇಕೆಂಬುದು ಕ್ಯಾಪ್ ಮೇಲೆಯೇ ಅಚ್ಚಾಗಿರುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು 0.9 ಅಥವಾ 1.1 (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಎಂದು). ಕೆಲವು ಕ್ಯಾಪುಗಳಲ್ಲಿ ಅದನ್ನೇ 88 ಅಥವಾ 108 ಕಿಲೋಪಾಸ್ಕಲ್ ಎಂದು ಬರೆದಿರುತ್ತಾರೆ. ಪಂಪಿನ ಮೀಟರಿನಲ್ಲಿ ಪಿಎಸ್‌ಐ ಇದ್ದರೆ 88 ಎಂದರೆ ಸುಮಾರು 13, 108 ಎಂದರೆ ಸುಮಾರು 16. ಈ ಒತ್ತಡ ಯಾಕೆ ಬೇಕು? ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ 98 ಡಿಗ್ರಿಗೇ ಕುದಿಯುತ್ತದೆ. 0.9ರ ಕ್ಯಾಪ್ ಬಿಗಿಯಾಗಿದ್ದರೆ ಅದೇ ನೀರು 117 ಡಿಗ್ರಿಯ ಆಸುಪಾಸಿನವರೆಗೆ ಕುದಿಯದೆ ತಡೆಯುತ್ತದೆ, ಕೂಲಂಟ್ ಬೆರೆತಿದ್ದರೆ ಇನ್ನೂ ಮೇಲೆ. ಎಂಜಿನ್ ಓಡುವುದೇ 90-100ರ ನಡುವೆ. ಅಂದರೆ ಮುನ್ನೂರು ರೂಪಾಯಿ ಆಚೀಚೆಯ ಕ್ಯಾಪೊಂದು ಒತ್ತಡ ಬಿಟ್ಟರೆ ಬೇರೇನೂ ಕೆಡದೆಯೂ ಗಾಡಿ ಕುದಿಯಬಲ್ಲದು.

ಹಾಗಾಗಿ ಮೊದಲು ಪಂಪಿಗೆ ಹಾಕಬೇಕಾದದ್ದು ಕ್ಯಾಪನ್ನೇ. ರಬ್ಬರನ್ನು ನೀರಲ್ಲಿ ಒದ್ದೆ ಮಾಡಿ, ಅಡಾಪ್ಟರಿಗೆ ಸಿಕ್ಕಿಸಿ, ನಿಧಾನವಾಗಿ ಪಂಪ್ ಮಾಡಿ. ಅಚ್ಚಾದ ಅಂಕಿಯ ಹತ್ತಿರ ಬಂದಾಗ ಅದು ಬಿಡಬೇಕು, ಅದಕ್ಕಿಂತ ತುಸು ಕೆಳಗೆ ಹಿಡಿದು ನಿಲ್ಲಬೇಕು. ಅರ್ಧಕ್ಕೇ ಬಿಟ್ಟುಕೊಟ್ಟರೆ ಕಸಕ್ಕೆ ಹಾಕಿ. ಕ್ಯಾಪಿನ ನಡುವೆ ಕಾಸಿನಗಲದ ಇನ್ನೊಂದು ಚಿಕ್ಕ ವಾಲ್ವ್ ಇದೆ. ಉಗುರಿನಿಂದ ಎಳೆದು ಬಿಟ್ಟರೆ ಟಕ್ ಅಂತ ಕೂರಬೇಕು. ಅದು ಅಂಟಿಕೊಂಡರೆ ಎಂಜಿನ್ ತಣ್ಣಗಾದಾಗ ರಿಸರ್ವ್ ಬಾಟಲಿಯ ಕೂಲಂಟ್ ಮರಳಿ ರೇಡಿಯೇಟರಿಗೆ ಬರುವುದಿಲ್ಲ. ಬೆಳಿಗ್ಗೆ ಬಾನೆಟ್ ಎತ್ತಿದರೆ ಮೇಲಿನ ಪೈಪು ಚಪ್ಪಟೆಯಾಗಿ ಬಿದ್ದಿರುವುದು ಇದರ ಗುರುತು.

ಇನ್ನು ಗಾಡಿಯ ಪರೀಕ್ಷೆ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಕೈ ಇಟ್ಟರೆ ಬಿಸಿ ತಗಲಬಾರದು. ಇದರಲ್ಲಿ ರಾಜಿ ಬೇಡ, ಬಿಸಿ ರೇಡಿಯೇಟರಿನ ಕ್ಯಾಪ್ ತೆಗೆದರೆ ಮುಖಕ್ಕೇ ಹಾರುತ್ತದೆ. ಬಾಯಿ ತನಕ ನೀರು ತುಂಬಿ, ಅಡಾಪ್ಟರ್ ಕೂರಿಸಿ, ಕ್ಯಾಪಿನ ಅಂಕಿ ಎಷ್ಟೋ ಅಷ್ಟಕ್ಕೇ ಪಂಪ್ ಮಾಡಿ. ಹೆಚ್ಚು ಕೊಟ್ಟರೆ ಸೋರಿಕೆ ಬೇಗ ಕಾಣುತ್ತದೆ ಎಂಬ ಆಸೆಗೆ ಹಳೆಯ ಪ್ಲಾಸ್ಟಿಕ್ ಟ್ಯಾಂಕು ಸೀಳಿದರೆ ಹೊಸ ಸೋರಿಕೆ ನೀವೇ ಮಾಡಿದಂತೆ. ಮೊದಲ ಒಂದೆರಡು ನಿಮಿಷ ಪೈಪುಗಳು ಹಿಗ್ಗಿ ಮುಳ್ಳು ಕೊಂಚ ಇಳಿಯುವುದು ಸಹಜ. ಮತ್ತೆ ಅಂಕಿಗೆ ತಂದು ಹತ್ತು-ಹದಿನೈದು ನಿಮಿಷ ಬಿಡಿ. ಮುಳ್ಳು ಕದಲದಿದ್ದರೆ ಸೋರಿಕೆಯಿಲ್ಲ. ಇಳಿಯುತ್ತಿದ್ದರೆ ಟಾರ್ಚು, ಕನ್ನಡಿ ಹಿಡಿದು ಹುಡುಕಾಟ ಶುರು.

ಎಲ್ಲಿ ನೋಡಬೇಕು? ರೇಡಿಯೇಟರಿನ ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಟ್ಯಾಂಕು ಮಡಚಿ ಕೂಡಿಸಿದ ಅಂಚು ಮೊದಲನೆಯದು. ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ ಅಲ್ಲಿಯೇ ಬಿರಿಯುವುದು. ಆಮೇಲೆ ಪೈಪಿನ ತುದಿಗಳು, ಥರ್ಮೋಸ್ಟ್ಯಾಟ್ ಮನೆಯ ಗ್ಯಾಸ್ಕೆಟ್, ಥ್ರಾಟಲ್ ಬಾಡಿಗೆ ಹೋಗುವ ಬೆರಳುಗಾತ್ರದ ಪೈಪು (ಇದನ್ನು ಬಹಳ ಮಂದಿ ಮರೆಯುತ್ತಾರೆ), ಮ್ಯಾನಿಫೋಲ್ಡ್ ಹಿಂದಿನ ಡಮ್ಮಿಗಳು (ಎಂಜಿನ್ ಬ್ಲಾಕಿನ ತೂತು ಮುಚ್ಚುವ ಲೋಹದ ಬಿಲ್ಲೆಗಳು). ವಾಟರ್ ಪಂಪಿನ ಕೆಳಗೆ ಒಂದು ಚಿಕ್ಕ ತೂತಿದೆ. ಒಳಗಿನ ಸೀಲ್ ಹೋದರೆ ನೀರು ಅಲ್ಲಿಂದ ಬರಲಿ ಎಂದೇ ಅದನ್ನು ಇಟ್ಟಿರುತ್ತಾರೆ. ಅದನ್ನು ಎಂ-ಸೀಲ್ ಹಾಕಿ ಮುಚ್ಚಿದ ಗಾಡಿಗಳೂ ಸಿಗುತ್ತವೆ! ಮುಚ್ಚಿದರೆ ನೀರು ಬೇರಿಂಗಿಗೆ ನುಗ್ಗಿ ಪಂಪು ಜಾಮ್ ಆಗುತ್ತದೆ. ಹೊರಗೆಲ್ಲೂ ಹನಿ ಇಲ್ಲ, ಮುಳ್ಳು ಮಾತ್ರ ಇಳಿಯುತ್ತಿದೆ ಎಂದರೆ ಎಡಗಡೆ ಸೀಟಿನ ಮುಂದಿನ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ. ಅಂಟಂಟಾಗಿ ಒದ್ದೆಯಿದ್ದು ಸಿಹಿ ವಾಸನೆ ಬಂದರೆ ಹೀಟರ್ ಕೋರ್ (ಕಾರಿನೊಳಗಿನ ಹೀಟರಿನ ಚಿಕ್ಕ ರೇಡಿಯೇಟರ್) ಸೋರುತ್ತಿದೆ.

ನಮ್ಮ ಜಿಲ್ಲೆಯಲ್ಲಿ ಒಂದು ಅನುಕೂಲವೂ ಇದೆ, ಅದೇ ಶಾಪವೂ ಹೌದು: ಬೋರ್‌ವೆಲ್ ನೀರು. ಬರಿ ಬೋರ್ ನೀರು ಹಾಕಿಕೊಂಡು ಓಡಿದ ಗಾಡಿಯಲ್ಲಿ ಸೋರಿದ ಕಡೆಯೆಲ್ಲ ಬಿಳಿ ಹಕ್ಕಳೆ ಕಟ್ಟಿರುತ್ತದೆ, ಪಂಪ್ ಹಚ್ಚುವ ಮೊದಲೇ ಜಾಗ ಗೊತ್ತಾಗುತ್ತದೆ. ಆದರೆ ಅದೇ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳ ಒಳಗೂ ಕೂತಿರುತ್ತದೆ.

ಹೊರಗೂ ಇಲ್ಲ, ಕಾರ್ಪೆಟ್ಟೂ ಒಣಗಿದೆ ಎಂದರೆ ನೀರು ಸಿಲಿಂಡರಿನೊಳಗೆ ಹೋಗುತ್ತಿರಬಹುದು. ಒತ್ತಡ ಇಟ್ಟು ಅರ್ಧ ಗಂಟೆ ಬಿಟ್ಟು, ಆಮೇಲೆ ಒತ್ತಡ ಇಳಿಸಿ, ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಇಗ್ನಿಷನ್ ಕಾಯಿಲ್ ಮತ್ತು ಇಂಜೆಕ್ಟರಿನ ಕನೆಕ್ಟರ್ ತೆಗೆದು ಒಮ್ಮೆ ಸೆಲ್ಫ್ ಹೊಡೆಸಿ. ಯಾವ ತೂತಿನಿಂದ ತುಂತುರು ಹಾರಿತೋ ಆ ಸಿಲಿಂಡರು. ಇನ್ನೊಂದು ದಾರಿ: ತಣ್ಣನೆಯ ಎಂಜಿನ್ನಿಗೆ ಟೆಸ್ಟರ್ ಹಾಕಿಯೇ ಇಟ್ಟು, ಪಂಪ್ ಮಾಡದೆ ಸ್ಟಾರ್ಟ್ ಮಾಡಿ. ನೀರು ಬಿಸಿಯಾಗುವ ಮೊದಲೇ ಮುಳ್ಳು ಸರಸರನೆ ಏರಿದರೆ, ಅಥವಾ ನಡುಗುತ್ತಿದ್ದರೆ, ಹೊಗೆಯ ಒತ್ತಡ ನೀರಿನ ದಾರಿಗೆ ನುಗ್ಗುತ್ತಿದೆ. ಕ್ಯಾಪಿನ ಅಂಕಿ ದಾಟುವ ಮೊದಲೇ ಎಂಜಿನ್ ಆರಿಸಿ. ಇದನ್ನು ಖಚಿತ ಮಾಡಲು ಬೇರೆಯೇ ಒಂದು ಟೆಸ್ಟರ್ ಬರುತ್ತದೆ: ನೀಲಿ ದ್ರವ ತುಂಬಿದ ಗಾಜಿನ ಕೊಳವೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದಾಗ ಪೆಟ್ರೋಲ್ ಗಾಡಿಯಲ್ಲಿ ನೀಲಿ ಹಳದಿಗೆ ತಿರುಗಿದರೆ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಹೆಡ್ ಬಿರಿದಿದೆ. ಹೆಡ್ ಬಿಚ್ಚಿದ ಮೇಲೆ ಬರಿ ಗ್ಯಾಸ್ಕೆಟ್ ಬದಲಿಸಿ ಮುಚ್ಚಬೇಡಿ. ನೇರ ಪಟ್ಟಿ (ಸ್ಟ್ರೇಟ್ ಎಡ್ಜ್), ಸಂದು ಅಳೆಯುವ ಫೀಲರ್ ಗೇಜ್ ಇಟ್ಟು ನೋಡಿ, ಆ ಎಂಜಿನ್ನಿನ ಸರ್ವಿಸ್ ಪುಸ್ತಕದಲ್ಲಿ ಹೇಳಿದ ಮಿತಿಗಿಂತ ಹೆಚ್ಚು ಬಾಗಿದ್ದರೆ ಫೇಸಿಂಗ್ (ಮೇಲ್ಮೈ ಸಮ) ಮಾಡಿಸಲೇಬೇಕು.

ಇಲ್ಲಿಗೆ ಕಿಟ್ಟಿನ ಕೆಲಸ ಮುಗಿಯಿತು. ಮುಳ್ಳು ಅಲ್ಲಾಡಲಿಲ್ಲ, ಕ್ಯಾಪ್ ಚೆನ್ನಾಗಿದೆ, ಗಾಡಿ ಮಾತ್ರ ಬಿಸಿಯಾಗುತ್ತಲೇ ಇದೆ ಎಂದರೆ ಯಾವಾಗ ಬಿಸಿಯಾಗುತ್ತದೆ ಎಂದು ಕೇಳಿಕೊಳ್ಳಿ. ಗಾಂಧಿ ಚೌಕದ ಸಂದಣಿಯಲ್ಲೋ, ಕಬ್ಬಿನ ಟ್ರ್ಯಾಕ್ಟರ್ ಸಾಲಿನ ಹಿಂದೆ ತೆವಳುವಾಗಲೋ ಏರಿ, ಸೋಲಾಪುರ ರಸ್ತೆಗೆ ಬಿದ್ದ ಕೂಡಲೇ ಇಳಿದರೆ ಫ್ಯಾನಿನ ಕಡೆ ನೋಡಿ. ಹೈವೇಯಲ್ಲಿ ಎಂಬತ್ತರ ಮೇಲೆ ಓಡಿಸಿದಾಗಲೇ ಏರಿದರೆ ನೀರಿನ ಹರಿವು ಅಥವಾ ರೇಡಿಯೇಟರ್.

ಫ್ಯಾನ್ ನೋಡುವುದು ಸುಲಭ. ಎಸಿ ಹಾಕಿದರೆ ಬಹುತೇಕ ಗಾಡಿಗಳಲ್ಲಿ ಅದು ತಿರುಗಬೇಕು. ಇಗ್ನಿಷನ್ ಆನ್ ಇಟ್ಟು ಕೂಲಂಟ್ ಸೆನ್ಸರಿನ ಕನೆಕ್ಟರ್ ಎಳೆದರೂ ಹಲವು ಇಂಜೆಕ್ಷನ್ ಗಾಡಿಗಳಲ್ಲಿ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೆದರಿ ಫ್ಯಾನ್ ಓಡಿಸುತ್ತದೆ. ತಿರುಗಿದರೆ ಮೋಟರ್, ರಿಲೇ, ಫ್ಯೂಸ್ ಸರಿ, ಅನುಮಾನ ಸೆನ್ಸರಿನ ಮೇಲೆ. ಮಲ್ಟಿಮೀಟರ್ ಇಟ್ಟರೆ ಸೆನ್ಸರ್ 20 ಡಿಗ್ರಿಯಲ್ಲಿ ಎರಡರಿಂದ ಮೂರು ಕಿಲೋಓಮ್, 80ರಲ್ಲಿ ಸುಮಾರು 300 ಓಮ್ ತೋರಿಸಬೇಕು. ತಿರುಗದಿದ್ದರೆ ಬ್ಯಾಟರಿಯಿಂದ ನೇರ ವೈರು ಕೊಟ್ಟು ನೋಡಿ. ಕೈಯಿಂದ ತಳ್ಳಿದರೆ ಮಾತ್ರ ಹೊರಡುವ ಫ್ಯಾನಿನ ಬ್ರಷ್ ಸವೆದಿದೆ.

ಥರ್ಮೋಸ್ಟ್ಯಾಟನ್ನು ಬಿಚ್ಚಿ ಒಗೆಯಿರಿ ಎನ್ನುವವರ ಮಾತು ಕೇಳಬೇಡಿ. ಅದಿಲ್ಲದೆ ಎಂಜಿನ್ ಬಿಸಿಯೇರುವುದು ತಡ, ಇಸಿಎಂ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜು ಬೀಳುತ್ತದೆ. ಕೆಲವು ಎಂಜಿನ್ನುಗಳಲ್ಲಂತೂ ಬೈಪಾಸ್ ದಾರಿ ಮುಚ್ಚುವುದೇ ಥರ್ಮೋಸ್ಟ್ಯಾಟ್. ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿ ಹಿಡಿದು ಗಾಡಿ ಇನ್ನಷ್ಟು ಕುದಿಯುತ್ತದೆ. ಬದಲಿಗೆ ಅದನ್ನು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಮೇಲೆ ಅಚ್ಚಾದ 82 ಅಥವಾ 88ರ ಹತ್ತಿರ ಬಾಯಿ ಬಿಡಲು ಶುರುಮಾಡಿ, 82ರದ್ದಾದರೆ 95 ದಾಟುವಷ್ಟರಲ್ಲಿ ಎಂಟು ಮಿಲಿಮೀಟರಿನಷ್ಟಾದರೂ ತೆರೆದಿರಬೇಕು. ಕಿಟ್ಟಿನ ಥರ್ಮಾಮೀಟರ್ ಬಳಕೆಗೆ ಬರುವುದು ಇಲ್ಲೊಂದೇ ಕಡೆ.

ಹೈವೇಯಲ್ಲಿ ಮಾತ್ರ ಬಿಸಿಯಾಗುವುದಕ್ಕೆ ನಮ್ಮಲ್ಲಿ ದೊಡ್ಡ ಕಾರಣ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದು. ಜೋಳದ ರಾಶಿ ಕಾಲಕ್ಕೆ ರಸ್ತೆಯ ಮೇಲೇ ಕಣ ಮಾಡಿರುತ್ತಾರೆ, ಅದರ ಹೊಟ್ಟು, ಹತ್ತಿಯ ಎಳೆ, ಎರಿ ಮಣ್ಣಿನ ಧೂಳು ಸೇರಿ ಅಲ್ಲಿ ಕಂಬಳಿ ಹಾಸಿದಂತೆ ಕೂರುತ್ತದೆ. ಮುಂದಿನಿಂದ ನೋಡಿದರೆ ಸ್ವಚ್ಛ, ಹಿಂದಿನಿಂದ ಟಾರ್ಚ್ ಹಾಕಿದರೆ ಬೆಳಕೇ ದಾಟುವುದಿಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ ಬೀಳುತ್ತವೆ. ಹೊರಗಡೆ ಸ್ವಚ್ಛವಿದ್ದೂ ಬಿಸಿಯಾದರೆ ಒಳಗೆ ಸುಣ್ಣ ಕಟ್ಟಿರಬಹುದು. ಇನ್‌ಫ್ರಾರೆಡ್ ಗನ್ನಿನಲ್ಲಿ ಕೋರಿನ ಉದ್ದಗಲ ಅಳೆದರೆ ಕಟ್ಟಿದ ಭಾಗ ತಣ್ಣಗೆ ತೋರುತ್ತದೆ. ಹೊಳೆಯುವ ಲೋಹದ ಮೇಲೆ ಗನ್ನು ಸುಳ್ಳು ಹೇಳುತ್ತದೆ, ಅಂಥ ಕಡೆ ಕಪ್ಪು ಟೇಪು ಅಂಟಿಸಿ ಅದರ ಮೇಲೆ ಅಳೆಯಿರಿ.

ಸೋರಿಕೆ ನಿಲ್ಲಿಸಲು ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಪದ್ಧತಿ ಇನ್ನೂ ಜೀವಂತವಿದೆ. ಊರು ಮುಟ್ಟುವಷ್ಟು ಹೊತ್ತಿಗೆ ಅದು ಆಗಬಹುದು. ಆಮೇಲೆ ಅದು ಹೋಗಿ ಕೂರುವುದು ಹೀಟರ್ ಕೋರಿನ ಸಣ್ಣ ನಾಳಗಳಲ್ಲಿ. ಬಾಟಲಿಯಲ್ಲಿ ಮಾರುವ ಲೀಕ್ ಸ್ಟಾಪ್ ದ್ರವಕ್ಕೂ ಇದೇ ಮಾತು.

ರಿಪೇರಿ ಮುಗಿದ ಮೇಲೆ ತುಂಬುವುದರಲ್ಲಿಯೂ ಕೆಡುತ್ತದೆ. ಸಣ್ಣ ಕಾರಿಗೆ ಮೂರರಿಂದ ಐದು ಲೀಟರ್ ಬೇಕು. ರೆಡಿಮಿಕ್ಸ್ ಕೂಲಂಟ್ ತಂದರೆ ನೀರು ಬೆರೆಸಬೇಡಿ. ಕಾನ್ಸಂಟ್ರೇಟ್ ತಂದರೆ ಗಾಡಿಯ ಪುಸ್ತಕದಲ್ಲಿ ಹೇಳಿದ ಪ್ರಮಾಣಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ, ನಳದ ನೀರು ಬೇಡ. ಬಾಟಲಿಯ ಮೇಲೆ ಕೂಲಂಟಿನ ಭಾರತೀಯ ಮಾನಕದ ಸಂಖ್ಯೆ ಐಎಸ್ 5759 ಇದೆಯೇ ನೋಡಿ. ಹಸಿರು, ಕೆಂಪು ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೂ ಗುಣಕ್ಕೂ ಕಟ್ಟುಪಾಡಿಲ್ಲ. ಗಾಡಿಯ ಮೂತಿ ಏರಿನ ಕಡೆಗಿಟ್ಟು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕ್ಯಾಪ್ ತೆರೆದೇ ಐಡಲಿನಲ್ಲಿ ಬಿಟ್ಟು ಮೇಲಿನ ಪೈಪನ್ನು ಆಗಾಗ ಹಿಚುಕಿ. ಗುಳ್ಳೆ ನಿಂತು, ಫ್ಯಾನ್ ಎರಡು ಸಲ ಹತ್ತಿ ಆರಿ, ಹೀಟರಿನಿಂದ ಬಿಸಿ ಗಾಳಿ ಬಂದರೆ ಗಾಳಿ ಹೊರಬಿದ್ದಂತೆ. ಸಿಕ್ಕಿಕೊಂಡ ಗಾಳಿ ಸೆನ್ಸರಿನ ಸುತ್ತ ನಿಂತರೆ ಅದು ನಿಜವಾದ ಬಿಸಿಯನ್ನು ತೋರಿಸುವುದೇ ಇಲ್ಲ, ನೀರು ಪೂರ್ತಿ ಖಾಲಿಯಾದಾಗಲೂ ಹೀಗೇ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಲ್ಲ, ಗಾಡಿ ಸರಿಯಿದೆ ಎಂದುಕೊಳ್ಳುವವರ ಹೆಡ್ ಬಾಗುವುದು ಇದರಿಂದಲೇ. ಹಿಡಿದ ಹಳೆ ಕೂಲಂಟನ್ನು ಬಯಲಿಗೆ ಚೆಲ್ಲಬೇಡಿ, ಅದರ ಸಿಹಿಗೆ ನಾಯಿ, ದನ ನೆಕ್ಕಿ ಸಾಯುತ್ತವೆ.

ಕಿಟ್ಟಿನ ಕುಂದುಗಳೂ ಇವೆ. ಅಗ್ಗದ ಕಿಟ್ಟುಗಳ ಪೈಪಿನ ಕನೆಕ್ಟರೇ ಸೋರುತ್ತದೆ, ಆಗ ಇಲ್ಲದ ಸೋರಿಕೆ ಹುಡುಕುತ್ತ ಅರ್ಧ ದಿನ ಹೋಗುತ್ತದೆ. ತಂದ ದಿನವೇ ಹೊಸ ಕ್ಯಾಪಿಗೆ ಹಚ್ಚಿ ಮುಳ್ಳು ಹತ್ತು ನಿಮಿಷ ನಿಲ್ಲುತ್ತದೆಯೇ ನೋಡಿ, ನಿಲ್ಲದಿದ್ದರೆ ವಾಪಸ್ ಮಾಡಿ. ಪ್ಲಾಸ್ಟಿಕ್ ಅಡಾಪ್ಟರಿನ ಮರೆ ಬೇಗ ಸವೆಯುತ್ತದೆ, ಅಲ್ಯೂಮಿನಿಯಂ ಇರುವುದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಸರಿ. ಪಂಪಿನ ಓ-ರಿಂಗ್ ಒಣಗಿದರೆ ಟ್ರ್ಯಾಕ್ಟರ್ ಹೈಡ್ರಾಲಿಕ್ ಸಾಮಾನಿನ ಅಂಗಡಿಯಲ್ಲಿ ಅದೇ ಅಳತೆಯದು ಸಿಗುತ್ತದೆ, ಸಿಲಿಕೋನ್ ಗ್ರೀಸ್ ಹಚ್ಚಿ ಹಾಕಿ. ಗ್ಯಾರೇಜ್ ನಡೆಸುವವರು ಕಣ್ಣುಮುಚ್ಚಿ ಕೊಳ್ಳಬಹುದು. ಒಂದೇ ಕಾರಿನವರು ಕೊಳ್ಳುವ ಅಗತ್ಯವಿಲ್ಲ, ಟೆಸ್ಟರ್ ಇಟ್ಟುಕೊಂಡ ಮಿಸ್ತ್ರಿಯನ್ನು ಹುಡುಕಿ. ಹಂಗ ಅಂದಾಜಿನ ಮ್ಯಾಲ ಹೆಡ್ ಬಿಚ್ಚೂನು ಅನ್ನುವವರಿಗೆ, "ಮೊದ್ಲ ಪ್ರೆಶರ್ ಹಾಕಿ ತೋರಸ್ರಿ" ಎಂದು ಕೇಳಿ.